ಸೈಲೆನ್ಸರ್ ಹೋದ ಕಾರು

ಜೂನ್ 9, 2025, ಸೋಮವಾರ

ಸಿದ್ಧಕಟ್ಟೆ ಪೇಟೆ ದಾಟಿದ ಮೇಲೆ ಬರುವ ದೊಡ್ಡ ಹೊಂಡಕ್ಕೆ ಇವತ್ತು ಕಾರು ಇಳಿದೇ ಬಿಟ್ಟಿತು. ಮಳೆನೀರು ತುಂಬಿತ್ತು, ಆಳ ಕಾಣಲಿಲ್ಲ. ಅಡಿಯಲ್ಲಿ ಏನೋ ಕಲ್ಲಿಗೆ ಬಡಿದ ಸದ್ದು. ಅಲ್ಲಿಂದ ಮೂಡುಬಿದಿರೆಯವರೆಗೂ ಕಾರು ಟಿಲ್ಲರಿನ ಹಾಗೆ ಗುಡುಗಿತು. ಬಸ್‌ಸ್ಟಾಪಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಬುರ್ಖಾ ಹಾಕಿದ ಹೆಂಗಸು ಕಾರು ಬಿಡುವುದನ್ನು ನೋಡುವವರು ಮೊದಲೇ ಇದ್ದರು, ಈಗ ಅವರಿಗೆ ದೂರದಿಂದಲೇ ಸೂಚನೆ ಸಿಗುತ್ತದೆ.

ಹಿಂದಿನ ಸೀಟಿನಲ್ಲಿ ಮಾಮಿ ಎಂದಿನಂತೆ ಮುಖ ಗಂಟಿಕ್ಕಿಕೊಂಡು ಮಲಗಿದ್ದರು. ರಂಝಾನಿನ ಕೊನೆಯ ವಾರ ಪಾರ್ಶ್ವವಾಯು ಬಡಿದು ಅವರ ಬಲಗೈ ಬಲಗಾಲು ಬಿದ್ದುಹೋಯಿತು. ಅಂದಿನಿಂದ ನನ್ನ ಗಂಡನ ಈ ತಾಯಿಯನ್ನು ಎತ್ತುವುದು, ಕೂರಿಸುವುದು, ತೊಳೆಯುವುದು, ವಾರಕ್ಕೆರಡು ಸಲ ಮೂಡುಬಿದಿರೆಗೆ ಫಿಸಿಯೋಥೆರಪಿಗೆ ಕೊಂಡೊಯ್ಯುವುದು ಎಲ್ಲ ನನ್ನ ಪಾಲಿಗೆ. ಮಾತೂ ಹೋಗಿದೆ. ಬಾಯಿಗೆ ಬರುವುದು ಒಂಟಿ ಶಬ್ದಗಳು: ಬೇಡ, ಅಲ್ಲಾ, ಬೀಡಿ. ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟಿದ ಹೆಂಗಸು. ನೀರು ಬೇಕಾದರೂ ಬೀಡಿ, ಮೊಮ್ಮಗಳು ಬೇಕಾದರೂ ಬೀಡಿ. ಉಳಿದದ್ದನ್ನು ನಾವು ಊಹಿಸಬೇಕು.

ಸಂಜೆ ಇವರು ಸೌದಿಯ ಜುಬೈಲಿನಿಂದ ಫೋನ್ ಮಾಡುವವರೆಗೆ ಕಾದೆ. ಏನು ಮಾಡಲಿ ಎಂದು ಕೇಳಿದೆ.

"ಸೈಲೆನ್ಸರ್ ಆಗಿರ್ಬೇಕು. ಬಂಟ್ವಾಳದಲ್ಲಿ ಮುಂಡಪ್ಪಣ್ಣನಿಗೆ ತೋರಿಸು," ಅಂದರು. "ದೊಡ್ಡ ಖರ್ಚು ಬೇಡ ಹಫ್ಸ. ಇಲ್ಲಿ ಕಂಪೆನಿಯವರು ಸಂಬಳವನ್ನು ಮುಂದೆ ಮುಂದೆ ಹಾಕ್ತಾ ಇದ್ದಾರೆ."

ಆಗಲಿ ಅಂದೆ.

ಜೂನ್ 12, ಗುರುವಾರ

ಪಕ್ಕದ ಮನೆಯ ವಿನೋದಾ ಅಕ್ಕನನ್ನು ಮಾಮಿಯ ಹತ್ತಿರ ಕೂರಿಸಿ ಬಂಟ್ವಾಳಕ್ಕೆ ಹೋದೆ. ಮುಂಡಪ್ಪಣ್ಣ ಈ ಕಾರು ನಮ್ಮ ಮನೆಗೆ ಬಂದಾಗಿನಿಂದ ಇದರ ರಿಪೇರಿ ಮಾಡುತ್ತಿರುವವರು. ಅಡಿಗೆ ಮಲಗಿ ಸ್ಪ್ಯಾನರಿನಿಂದ ಕುಟ್ಟಿದರು. ತುಕ್ಕು ಹುಡಿಹುಡಿಯಾಗಿ ಅವರ ಎದೆಯ ಮೇಲೆ ಉದುರಿತು.

"ಇದು ಸೈಲೆನ್ಸರ್ ಅಲ್ಲ ಅಕ್ಕ, ಜರಡಿ," ಅಂದರು. "ಹೊಸ ಸೆಟ್ ಹಾಕುವುದಾ, ಪ್ಯಾಚ್ ಹಾಕಿ ನೋಡುವುದಾ?"

"ಹೊಸ ಸೆಟ್ ಅಂದ್ರೆ ಎಂಥೆಲ್ಲ?"

"ಎಂಜಿನ್‌ನಿಂದ ಹೊಗೆ ತರುವ ಪೈಪು, ಸೀಟಿನ ಅಡಿಯಲ್ಲಿ ಹೋಗುವ ನಡುವಿನ ಪೈಪು, ಕೊನೆಗೆ ಸೈಲೆನ್ಸರ್. ಎಲ್ಲ ಹೊಸತೇ ಆದ್ರೆ ಈ ಕಾರಿನ ಈಗಿನ ಬೆಲೆಯ ಕಾಲು ಭಾಗ ಆಗ್ತದೆ."

ಪ್ಯಾಚ್ ಸಾಕು ಅಂದೆ. ತಗಡಿನ ತುಂಡು ಇಟ್ಟು ಬೆಸುಗೆ ಹಾಕಿಕೊಟ್ಟರು. ಬರುವಾಗ ಶಬ್ದ ಬಹಳಷ್ಟು ಕಡಿಮೆಯಾಗಿತ್ತು. ಒಂದು ಕೆಲಸ ಮುಗಿಯಿತು ಅನಿಸಿತು. ಮನೆಗೆ ಬಂದಾಗ ಮಾಮಿಯ ಹಾಸಿಗೆ ಒದ್ದೆಯಾಗಿತ್ತು.

ಜೂನ್ 16, ಸೋಮವಾರ

ಇವತ್ತು ಮಾಮಿ ಕಾರು ಹತ್ತಲು ಒಪ್ಪಲಿಲ್ಲ. ಎಡಗೈಯಿಂದ ಬಾಗಿಲಿನ ಅಂಚು ಹಿಡಿದುಕೊಂಡರೆ ಬಿಡಿಸುವುದಕ್ಕೆ ಆಗುವುದಿಲ್ಲ, ಆ ಕೈಯಲ್ಲಿ ಈಗ ಎರಡು ಕೈಯ ಶಕ್ತಿ ಉಂಟು. "ಬೀಡಿ. ಬೀಡಿ." ಅದೊಂದೇ ಮಾತು. ಮಗಳು ಫಿದಾ ಶಾಲೆಯ ಬ್ಯಾಗ್ ಕೆಳಗಿಟ್ಟು ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳಿಗೂ ತಡ, ನನಗೂ ತಡ.

ದಾರಿಯುದ್ದಕ್ಕೂ ಕಿಟಕಿಯ ಹಿಡಿಯನ್ನು ತಡವುತ್ತಿದ್ದರು. ಒಮ್ಮೆ ಅರ್ಧ ಇಳಿಸಿಯೂ ಬಿಟ್ಟರು. ತಣ್ಣನೆಯ ಗಾಳಿ ತಾಗಿದರೆ ಕೆಟ್ಟದು, ಮಳೆ ಬೇರೆ. ನಿಲ್ಲಿಸಿ ಗಾಜು ಏರಿಸಿದೆ. ಸಂಗಬೆಟ್ಟು ಬರುವಾಗ ವಾಂತಿ ಮಾಡಿಕೊಂಡರು. ರಸ್ತೆ ಬದಿಯಲ್ಲಿ ಸೀಟು ಒರೆಸುವಾಗ ನನಗೆ ಸಿಟ್ಟು ಬಂದಿತ್ತು. ಬೇಕೆಂದೇ ಮಾಡುತ್ತಾರೆ ಅನಿಸಿತು. ಮಾತಿದ್ದಾಗಲೂ ಅವರು ಹಾಗೆಯೇ, ತಮಗೆ ಬೇಡವಾದದ್ದನ್ನು ಯಾರಿಂದಲೂ ಮಾಡಿಸಿಕೊಂಡವರಲ್ಲ.

ಥೆರಪಿ ಮಾಡಿಸುವ ತೃಪ್ತಿಗೆ ಈ ಬೀಡಿಯ ವಿಷಯ ಹೇಳಿದೆ. ಚಿಕ್ಕ ವಯಸ್ಸಿನ ಹುಡುಗಿ, ತಾಳ್ಮೆ ಇದೆ.

"ಕೆಲಸದ ನೆನಪಿರಬಹುದು ಹಫ್ಸಕ್ಕ. ಮುಂದಿನ ಸಲ ಬೀಡಿ ಎಲೆ ತನ್ನಿ, ಕೈಗೆ ಕೊಟ್ಟು ನೋಡುವ," ಅಂದಳು.

ಸೈಲೆನ್ಸರ್ ಮತ್ತೆ ಸ್ವಲ್ಪ ಸ್ವರ ತೆಗೆಯುತ್ತಿದೆ. ಫಿದಾ ನಾಳೆಯಿಂದ ಶಾಲೆಯ ಗೇಟಿನ ತನಕ ಬರಬೇಡ ಅಂದಿದ್ದಾಳೆ.

ಜೂನ್ 19, ಗುರುವಾರ

ತೃಪ್ತಿ ಬೀಡಿ ಎಲೆ ಕೈಗೆ ಕೊಟ್ಟಳು, ಮಾಮಿ ಎಸೆದರು.

ಬರುವಾಗ ಮತ್ತೆ ವಾಂತಿ. ಮನೆಗೆ ಬಂದು ಮಲಗಿದವರು ಸಂಜೆಯ ತನಕ ಏಳಲಿಲ್ಲ. ಮಂಗಳವಾರ, ಬುಧವಾರ ಚೆನ್ನಾಗಿಯೇ ಇದ್ದರು, ಗಂಜಿ ಎರಡು ಸಲ ಕೇಳಿ ಹಾಕಿಸಿಕೊಂಡಿದ್ದರು. ಥೆರಪಿಯ ದಿನ ಮಾತ್ರ ಹೀಗೆ.

ಇವರ ಫೋನ್ ಬರಲಿಲ್ಲ. ನೆಟ್ ಇರಲಿಕ್ಕಿಲ್ಲ.

ಜೂನ್ 26, ಗುರುವಾರ

ಪ್ಯಾಚ್ ಬಿಟ್ಟುಹೋಯಿತು. ಹೋಗಲಿಲ್ಲ ಎಲ್ಲಿಗೂ.

ಜೂನ್ 30, ಸೋಮವಾರ

ಮಾಮಿಯ ಕಿರಿಯ ಮಗ ಅಸ್ಕರ್ ಕನ್ಯಾನದಿಂದ ಬಂದಿದ್ದ. ಅವನದು ಅಲ್ಲಿ ಚಪ್ಪಲಿ ಅಂಗಡಿ, ಹೆಂಡತಿಯ ಮನೆಯೂ ಅಲ್ಲೇ. ತಾಯಿಯ ಹತ್ತಿರ ಕೂತು ಕಾಲು ಒತ್ತಿದ, ಕಿತ್ತಳೆ ಸುಲಿದು ತಿನ್ನಿಸಿದ. ಆಮೇಲೆ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತ.

"ನಾನು ಅಣ್ಣನ ಹತ್ತಿರ ಮಾತಾಡಿದೆ," ಅಂದ. "ಉಮ್ಮನಿಗೇ ಬೇಡ ಅಂದ ಮೇಲೆ ನಾವು ಎಳ್ಕೊಂಡು ಹೋಗುವುದು ಯಾಕೆ? ಹೋಗುವಾಗ ವಾಂತಿ, ಬರುವಾಗ ವಾಂತಿ. ನಿಮಗೂ ಕಷ್ಟ. ಕಾರು ಮಾರಿ ಬಿಡುವ. ಆ ದುಡ್ಡು ಅವರ ಔಷಧಕ್ಕೆ ಆಗ್ತದೆ."

"ಥೆರಪಿ ಬಿಟ್ಟರೆ ಕೈಕಾಲು ಹಾಗೆಯೇ ಗಟ್ಟಿಯಾಗಿ ಬಿಡ್ತದೆ ಅಂತ ತೃಪ್ತಿ ಹೇಳಿದ್ದಾಳೆ."

"ಈಗ ಎಂಥ ದೊಡ್ಡದು ಸರಿ ಆಗಿದೆ?"

ನಿಜ ಹೇಳುವುದಾದರೆ ನನಗೂ ವಾದ ಮಾಡಬೇಕು ಅನಿಸಲಿಲ್ಲ. ಸೋಮವಾರ ಬೆಳಿಗ್ಗೆ ಯಾರನ್ನೂ ಎತ್ತಿ ಕಾರಿಗೆ ಹಾಕಬೇಕಾಗಿಲ್ಲ, ರಸ್ತೆ ಬದಿಯಲ್ಲಿ ಸೀಟು ಒರೆಸಬೇಕಾಗಿಲ್ಲ ಎಂದು ಯೋಚಿಸಿದಾಗ ಬೆನ್ನು ಸಡಿಲಾದ ಹಾಗಾಯಿತು. ಗುರುವಾರ ಅವನೇ ಕಾರು ಬಿಡುತ್ತಾನಂತೆ, ಮಾಮಿಗೆ ಕೊನೆಯ ಸಲ ಥೆರಪಿ ಮಾಡಿಸಿ, ತೃಪ್ತಿಯ ಹತ್ತಿರ ಮಾತಾಡಿ ನಿಲ್ಲಿಸಿ ಬರುವುದಂತೆ. ಇವರೂ ಫೋನಿನಲ್ಲಿ ಅದನ್ನೇ ಹೇಳಿದರು. ನೀವೆಲ್ಲ ಹೇಗೆ ಹೇಳುತ್ತೀರೋ ಹಾಗೆ ಅಂದೆ.

ಜುಲೈ 3, ಗುರುವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಇವತ್ತೇ ಬರೆದಿಡಬೇಕು.

ಅಸ್ಕರ್ ಕಾರು ಬಿಟ್ಟ. ನಾನು ಹಿಂದೆ, ಮಾಮಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಈ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತು ವರ್ಷಗಳೇ ಆಗಿರಬೇಕು. ಜೋರು ಮಳೆ. ಡ್ರೈವರ್ ಬದಿಯ ಗಾಜು ಒಂದು ಗೇಣು ಕೆಳಗೆ ಸಿಕ್ಕಿಕೊಂಡಿದೆ, ಅದು ಮೇಲೆ ಬರುವುದಿಲ್ಲ. ಉಳಿದವೆಲ್ಲ ಮುಚ್ಚಿದ್ದವು. ಅಸ್ಕರ್ ತೋಳು ಒದ್ದೆಯಾಗುತ್ತದೆಂದು ಗೊಣಗುತ್ತಿದ್ದ.

ರಾಯಿ ಕಡೆಯ ಏರು ಮುಗಿಯುವಾಗ ನನ್ನ ಹಣೆಯ ಎರಡೂ ಬದಿ ಹಿಡಿದುಕೊಂಡ ಹಾಗಾಯಿತು. ಬೆಳಿಗ್ಗೆ ಸರಿಯಾಗಿ ತಿಂದಿರಲಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಆಮೇಲೆ ಕಣ್ಣು ಭಾರವಾಯಿತು, ಅಲ್ಲೇ ಒರಗಿ ಮಲಗಬೇಕು ಅನಿಸಿತು. ಸುಟ್ಟ ಪೆಟ್ರೋಲಿನ ವಾಸನೆ ಕಾಲ ಬುಡದಿಂದ ಬರುತ್ತಿತ್ತು. ಮುಂದೆ ಕೂತಾಗ ನನಗೆ ಒಂದು ದಿನವೂ ಅದು ಬಂದದ್ದಿಲ್ಲ.

ಕೆಳಗೆ ನೋಡಿದೆ. ಮಾಮಿ ನನ್ನನ್ನೇ ನೋಡುತ್ತಿದ್ದರು. ಎಡಗೈ ಎತ್ತಿ ಮೂಗಿನ ಹತ್ತಿರ ತಂದು "ಬೀಡಿ" ಅಂದರು. ಮೆಲ್ಲಗೆ, ಸಣ್ಣ ಮಗುವಿಗೆ ಹೇಳಿಕೊಡುವ ಹಾಗೆ.

ಹೊಗೆ. ಇಷ್ಟು ದಿನ ಅವರು ಹೇಳಿದ್ದು ಹೊಗೆ ಎಂದು.

ನಿಲ್ಲಿಸು ಎಂದು ಕೂಗಿದೆನಂತೆ. ಅಸ್ಕರ್ ಹೆದರಿ ಬ್ರೇಕ್ ಹಾಕಿದ. ಬಾಗಿಲು ತೆಗೆದು ಚರಂಡಿಯ ಬದಿ ಕೂತು ನಾನೂ ವಾಂತಿ ಮಾಡಿಕೊಂಡೆ. ಆಮೇಲೆ ಮ್ಯಾಟ್ ಎತ್ತಿ ನೋಡಿದೆವು. ಸೀಟಿನ ಅಡಿಯ ತಗಡಿನಲ್ಲಿ ರಬ್ಬರ್ ಮುಚ್ಚಳ ಹೋಗಿ ರೂಪಾಯಿಯಗಲದ ತೂತು. ಎಂಜಿನ್ ಚಾಲೂ ಇಟ್ಟರೆ ಅಲ್ಲಿಂದ ಬಿಸಿಗಾಳಿ ಕೈಗೆ ತಾಗುತ್ತಿತ್ತು.

"ಬೆಸುಗೆ ಹಾಕಿಸಿದ್ದಲ್ವಾ?" ಅಸ್ಕರ್ ಕೇಳಿದ.

"ಹಾಕಿಸಿದ್ದು ಶಬ್ದಕ್ಕೆ," ಅಂದೆ.

ಕಿಟಕಿಗಳನ್ನೆಲ್ಲ ಇಳಿಸಿ, ಮಾಮಿಯನ್ನು ಮುಂದಿನ ಸೀಟಿಗೆ ಹಾಕಿ, ಕೊಡೆ ಹಿಡಿದು ಮನೆಗೆ ಬಂದೆವು. ಮೂವರೂ ನೆನೆದಿದ್ದೆವು. ಮಾಮಿಗೆ ಗಾಳಿ ತಾಗಿದರೆ ಕೆಟ್ಟದು ಎಂದು ಎಷ್ಟು ಸಲ ಅವರ ಕೈಯಿಂದ ಕಿಟಕಿಯ ಹಿಡಿ ಬಿಡಿಸಿದ್ದೇನೆ. ಅದನ್ನೇ ಯೋಚಿಸುತ್ತಿದ್ದೇನೆ.

ಜುಲೈ 5, ಶನಿವಾರ

ಮುಂಡಪ್ಪಣ್ಣನೇ ಮನೆಗೆ ಬಂದು ನೋಡಿದರು. ಸೀಟಿನ ಕೆಳಗೆ ಎರಡು ಪೈಪು ಸೇರುವ ಜಾಗದಲ್ಲಿ ಸೀಳು ಬಿಟ್ಟಿದೆ.

"ನಾನು ಹಿಂದಿನ ಡಬ್ಬಿ ಮಾತ್ರ ನೋಡಿದೆ ಅಕ್ಕ. ಶಬ್ದ ಹೋದ್ರೆ ಆಯ್ತು ಅಂತ," ಅಂದರು. ಮುಖ ಸಣ್ಣದಾಗಿತ್ತು. ಶಬ್ದ ಹೋದರೆ ಸಾಕು ಎಂದು ನಾನೂ ಅಂದುಕೊಂಡಿದ್ದೆನಲ್ಲ.

ಇನ್ನು ಬೆಸುಗೆ ನಿಲ್ಲುವುದಿಲ್ಲವಂತೆ. ಮುಂದಿನ ಪೈಪಿನಿಂದಲೇ ಬದಲಾಯಿಸಬೇಕು. ಅಲ್ಲಿಯವರೆಗೆ ಹಿಂದೆ ಯಾರನ್ನೂ ಕೂರಿಸಬೇಡಿ, ಕಿಟಕಿ ಮುಚ್ಚಬೇಡಿ ಅಂದರು. ರಬ್ಬರ್ ಮುಚ್ಚಳ ಹಾಕಿಕೊಟ್ಟು ದುಡ್ಡು ತೆಗೆದುಕೊಳ್ಳದೆ ಹೋದರು.

ತೃಪ್ತಿಗೆ ಫೋನ್ ಮಾಡಿ, ಆ ಹೊಗೆಯಿಂದ ಮಾಮಿಗೆ ಹೆಚ್ಚು ಕಮ್ಮಿ ಆಗಿದೆಯಾ ಎಂದು ಕೇಳಿದೆ. "ಹೇಳಲಿಕ್ಕೆ ಆಗುವುದಿಲ್ಲ ಹಫ್ಸಕ್ಕ," ಅಂದಳು. "ಆಗಿರಬಹುದು, ಆಗದೆಯೂ ಇರಬಹುದು. ಡಾಕ್ಟರಿಗೆ ಒಮ್ಮೆ ತೋರಿಸಿ." ತೋರಿಸಿದೆ. ಅವರೂ ಹಾಗೆಯೇ ಹೇಳಿದರು.

ಜುಲೈ 7, ಸೋಮವಾರ

ಬಸ್ಸಿನಲ್ಲಿ ಪ್ರಯತ್ನಿಸಿದೆವು. ಮೆಟ್ಟಿಲು ಎತ್ತರ. ಕಂಡಕ್ಟರ್ ಇಳಿದು ಬಂದು ಕೈ ಕೊಟ್ಟ, ಪಾಪ. ಮಾಮಿಯ ಬಲಗಾಲು ಮೆಟ್ಟಿಲಿಗೆ ಸಿಕ್ಕಿಕೊಂಡು ಬೀಳುವುದೊಂದು ತಪ್ಪಿತು. ಬಸ್ಸಿನಲ್ಲಿದ್ದವರೆಲ್ಲ ಕಾಯುತ್ತಿದ್ದರು. ಇಳಿಸಿ ರಿಕ್ಷಾದಲ್ಲಿ ಮನೆಗೆ ಕರೆತಂದೆ. ವಾರಕ್ಕೆರಡು ಸಲ ಮೂಡುಬಿದಿರೆಯವರೆಗೆ ರಿಕ್ಷಾ ಮಾಡುವಷ್ಟು ದುಡ್ಡು ನಮ್ಮಲ್ಲಿ ಇಲ್ಲ.

ಬೆರಳುಗಳಿಗೆ ತೃಪ್ತಿ ಮಾಡಿಸುತ್ತಿದ್ದ ವ್ಯಾಯಾಮವನ್ನು ನಾನೇ ಮಾಡಿಸಿದೆ. ಎಳೆದಾಗ ನೋವಾಗಿ ನನ್ನ ಕೈಗೆ ಹೊಡೆದರು.

ಜುಲೈ 13, ಭಾನುವಾರ

ಅಸ್ಕರ್ ಕಾರಿಗೆ ಗಿರಾಕಿ ಕರೆತಂದ. ವೇಣೂರು ಕಡೆಯವರು. ಗಂಡ, ಹೆಂಡತಿ, ಎರಡು ಮಕ್ಕಳು. ಮೊದಲ ಕಾರಂತೆ. ಗಂಡ ಬಾನೆಟ್ ಎತ್ತಿ ನೋಡುವಾಗ ಮಕ್ಕಳಿಬ್ಬರೂ ಹಿಂದಿನ ಸೀಟಿಗೆ ಹತ್ತಿ ಕುಣಿಯುತ್ತಿದ್ದರು. ಸಣ್ಣದು ಮಾಮಿಯ ತಲೆದಿಂಬಿನ ಮೇಲೆಯೇ ಮಲಗಿ ನಿದ್ದೆ ಬಂದವರ ಹಾಗೆ ನಟಿಸಿತು.

"ಸೈಲೆನ್ಸರ್ ಸ್ವಲ್ಪ ಶಬ್ದ ಉಂಟು, ಅಷ್ಟೇ," ಅಸ್ಕರ್ ಹೇಳುತ್ತಿದ್ದ. "ಒಂದು ಪ್ಯಾಚ್ ಹಾಕಿದ್ರೆ ಆಯ್ತು."

ನಾನು ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದೆ. ಆ ಹೆಂಗಸಿನ ಕೈಗೆ ಗ್ಲಾಸು ಕೊಡುತ್ತಾ, "ಶಬ್ದ ಮಾತ್ರ ಅಲ್ಲ," ಅಂದೆ. "ಹೊಗೆ ಹಿಂದಿನ ಸೀಟಿಗೆ ಬರ್ತದೆ. ಪೂರ್ತಿ ಬದಲಾಯಿಸದೆ ಮಕ್ಕಳನ್ನು ಅಲ್ಲಿ ಕೂರಿಸಬೇಡಿ."

ಅವಳು ಗ್ಲಾಸು ಕೆಳಗಿಟ್ಟು ಮಕ್ಕಳನ್ನು ಕರೆದಳು. ಆಮೇಲೆ ವ್ಯಾಪಾರದ ಮಾತು ಮುಂದುವರಿಯಲಿಲ್ಲ.

ಅವರು ಹೋದ ಮೇಲೆ ಅಸ್ಕರ್, "ಕೊಳ್ಳಲಿಕ್ಕೆ ಬಂದವರ ಹತ್ತಿರ ಹಾಗೆ ಹೇಳ್ತಾರಾ?" ಅಂದ.

"ಮತ್ತೆ ಹೇಗೆ ಹೇಳುವುದು?"

"ಅವರು ಮೆಕ್ಯಾನಿಕ್‌ಗೆ ತೋರಿಸಿಕೊಳ್ತಿದ್ರು."

"ನಾನೂ ತೋರಿಸಿದ್ದೆ."

ಅವನು ಊಟಕ್ಕೆ ನಿಲ್ಲಲಿಲ್ಲ. ಸಂಜೆ ಇವರ ಫೋನ್. ಅಸ್ಕರ್ ಎಲ್ಲ ಹೇಳಿಯಾಗಿತ್ತು. "ನೀನು ಒಳಗೆ ಇರಬಹುದಿತ್ತು," ಅಂದರು. ಮಾರುವುದಾದರೆ ಸರಿ ಮಾಡಿಸಿ ಮಾರುವ ಅಂದೆ. ದುಡ್ಡು ಎಲ್ಲಿಂದ ಎಂದು ಕೇಳಿದರು. ನನ್ನ ಹೊಲಿಗೆ ಯಂತ್ರಕ್ಕೆ ಮೋಟರ್ ಹಾಕಿಸಲೆಂದು ಇಟ್ಟದ್ದಿದೆ, ಮೋಟರ್ ಬಂದ ಹಾಗೆ ಬರಲಿ, ತುಳಿಯಲು ಕಾಲು ಇದೆಯಲ್ಲ ಅಂದೆ. ಫೋನ್ ಫಿದಾಳಿಗೆ ಕೊಡು ಅಂದರು.

ಜುಲೈ 17, ಗುರುವಾರ

ಕಿಟಕಿಗಳನ್ನೆಲ್ಲ ತೆರೆದು, ಒಬ್ಬಳೇ, ಬೆಳ್ತಂಗಡಿಗೆ. ಅಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಉಸ್ಮಾನ್ ಎಂಬವರ ಅಂಗಳ ಉಂಟೆಂದು ಮುಂಡಪ್ಪಣ್ಣ ಹೇಳಿದ್ದರು. ನನ್ನ ಕಾರಿನ ಗುಡುಗು ಕೇಳಿ ಉಸ್ಮಾನ್ ಗೇಟಿಗೇ ಬಂದು ನಿಂತಿದ್ದರು.

"ಎಂಥ ಬೇಕೆಂದು ಕೇಳುವ ಅಗತ್ಯ ಇಲ್ಲ," ಅಂದರು.

ಇದೇ ಮಾಡೆಲಿನ ಒಂದು ಕೆಂಪು ಕಾರು ಅಲ್ಲಿತ್ತು. ಹಿಂದಿನಿಂದ ಲಾರಿ ಗುದ್ದಿ ಡಿಕ್ಕಿ ಮಡಚಿಹೋಗಿತ್ತು, ಆದರೆ ಮುಂದೆ ಏನೂ ಆಗಿರಲಿಲ್ಲ. ಮುಂದಿನ ಪೈಪು, ನಡುವಿನ ಪೈಪು ಎರಡೂ ಚೆನ್ನಾಗಿದ್ದವು. ಬುರ್ಖಾದ ತುದಿ ಸೊಂಟಕ್ಕೆ ಸಿಕ್ಕಿಸಿ, ಮುಂಡಪ್ಪಣ್ಣ ಮಾಡಿದ ಹಾಗೆ ಸ್ಪ್ಯಾನರಿನಿಂದ ಉದ್ದಕ್ಕೂ ಕುಟ್ಟಿ ನೋಡಿದೆ. ಒಂದು ಕಡೆ ಸದ್ದು ಬೇರೆ ಬಂತು ಅನಿಸಿತು. ಉಸ್ಮಾನ್ ಅದು ಏನೂ ಅಲ್ಲ ಅಂದರು. ನನಗೂ ಖಾತ್ರಿ ಇರಲಿಲ್ಲ, ಆದರೂ ಅದನ್ನೇ ಹಿಡಿದುಕೊಂಡು ಚೌಕಾಶಿ ಮಾಡಿದೆ. ಕೊನೆಗೆ, "ನಿಮ್ಮ ಹತ್ತಿರ ಮಾತಾಡಿ ನನ್ನ ಬಾಯಿ ಒಣಗಿತು," ಎಂದು ಕಟ್ಟಿಕೊಟ್ಟರು. ಸೈಲೆನ್ಸರ್ ಮಾತ್ರ ಅವರಲ್ಲಿ ಸರಿಯಾದದ್ದು ಇರಲಿಲ್ಲ.

ಪೈಪು ಹಿಂದಿನ ಸೀಟಿನಿಂದ ಮುಂದಿನ ಕಿಟಕಿಯ ಹೊರಗೆ ಚಾಚಿಕೊಂಡಿತ್ತು. ಗುರುವಾಯನಕೆರೆಯಲ್ಲಿ ಪೊಲೀಸ್ ಒಬ್ಬರು ನೋಡಿ, ಕೈ ಎತ್ತಲು ಹೊರಟು, ಬೇಡವೆಂದು ಬಿಟ್ಟರು. ಮೈಕೈ ನೋಯುತ್ತಿದೆ.

ಜುಲೈ 21, ಸೋಮವಾರ

ಮುಂಡಪ್ಪಣ್ಣ ಪೈಪುಗಳನ್ನು ಹಾಕಿಕೊಟ್ಟರು. ಉಸ್ಮಾನ್ ಹೇಳಿದ್ದೇ ಸರಿ, ಆ ಜಾಗದಲ್ಲಿ ಏನೂ ಇರಲಿಲ್ಲ. ಸೈಲೆನ್ಸರಿಗೆ ಮೂಡುಬಿದಿರೆಯ ಇಹ್ಸಾನ್ ಎಂಬ ಹುಡುಗನ ಶೆಡ್ಡಿಗೆ ಹೋಗಿ, ತುಕ್ಕು ಹಿಡಿಯದ ಸ್ಟೀಲಿನಲ್ಲಿ ಕೈಯಲ್ಲೇ ಮಾಡಿಕೊಡುತ್ತಾನೆ, ಕಂಪೆನಿಯದಕ್ಕಿಂತ ಎಷ್ಟೋ ಕಡಿಮೆಗೆ ಅಂದರು. ಮಾಮಿಯನ್ನು ಮುಂದೆ ಕೂರಿಸಿ ಹೊರಟೆ. ಹತ್ತುವಾಗ ಬಾಗಿಲು ಹಿಡಿದುಕೊಳ್ಳಲಿಲ್ಲ. ಮುಖವನ್ನು ಕಿಟಕಿಯ ಹೊರಗೆ ಇಟ್ಟು ತುಂತುರು ಮಳೆಗೆ ಕಣ್ಣು ಮುಚ್ಚಿ ಕೂತಿದ್ದರು.

ಇಹ್ಸಾನ್‌ನ ಶೆಡ್ಡಿನ ಎದುರು ಕಾಲೇಜು ಹುಡುಗರ ಕಾರುಗಳ ಸಾಲು. ಎಲ್ಲರಿಗೂ ಸಿಂಹದ ಹಾಗೆ ಗರ್ಜಿಸುವ ಸೈಲೆನ್ಸರ್ ಬೇಕು. ನನ್ನ ಕಾರಿನ ಸ್ವರ ಕೇಳಿ ಒಬ್ಬ ಹುಡುಗ, "ಆಂಟಿ, ಇದು ಎಲ್ಲಿ ಮಾಡಿಸಿದ್ದು?" ಎಂದು ಕೇಳಿದ.

ಇಹ್ಸಾನ್ ನನ್ನ ಮಾತು ಕೇಳಿ ತಲೆ ಕೆರೆದ. "ಶಬ್ದ ಕಡಿಮೆ ಮಾಡ್ಲಿಕ್ಕೆ ಇಲ್ಲಿಗೆ ಯಾರೂ ಬಂದದ್ದಿಲ್ಲ ಅಕ್ಕ. ಮಾಡುವ, ನೋಡುವ. ಒಂದು ಸಲಕ್ಕೆ ಆಗದಿದ್ರೆ ಬೈಬೇಡಿ."

ಮಾಮಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಮೊದಲ ಸಲ ಹಾಕಿ ಚಾಲೂ ಮಾಡಿದಾಗ ಒಳಗೆಲ್ಲ ಹೆಜ್ಜೇನಿನ ಗೂಡಿನ ಹಾಗೆ ಗುಂಯ್ ಎನ್ನುತ್ತಿತ್ತು. "ಹೇಗೆ ಅಜ್ಜಿ?" ಎಂದು ಇಹ್ಸಾನ್ ಕೇಳಿದ. ಮಾಮಿ ತಲೆ ಅಲ್ಲಾಡಿಸಿದರು. ಅವನು ಬಿಚ್ಚಿ, ಒಳಗೆ ಇನ್ನೊಂದು ಸುತ್ತು ಉಣ್ಣೆಯಂಥದ್ದನ್ನು ತುಂಬಿ ಮತ್ತೆ ಹಾಕಿದ. ಮತ್ತೆ ಅಜ್ಜಿಯ ಕಡೆ ನೋಡಿದ. "ಶಬ್ದ ಬೇಡ," ಅಂದರು. ಹುಡುಗರು ನಕ್ಕರು. ಮೂರನೆಯ ಸಲಕ್ಕೆ ಅವನು ಡಬ್ಬಿಯನ್ನೇ ಸ್ವಲ್ಪ ಉದ್ದ ಮಾಡಿದ. ಆಗ ಮಾಮಿ ನನ್ನ ಕಡೆ ಕೈ ಚಾಚಿದರು, ಹೋಗುವ ಎಂದು.

ಥೆರಪಿಗೆ ತಡವಾಗಿಯೇ ಮುಟ್ಟಿದೆವು. ಬಹಳ ಸುಸ್ತು.

ಜುಲೈ 24, ಗುರುವಾರ

ಹೊಗೆ ತಪಾಸಣೆ ಬಂಟ್ವಾಳದಲ್ಲಿ ಪಾಸಾಯಿತು. ಆದರೂ ನನಗೆ ಧೈರ್ಯ ಬರಲಿಲ್ಲ. ಮುಂಡಪ್ಪಣ್ಣ, "ನೀವು ಹಿಂದೆ ಕೂರಿ, ನಾನು ಬಿಡ್ತೇನೆ," ಅಂದರು. ಡ್ರೈವರ್ ಬದಿಯ ಗಾಜನ್ನೂ ಸರಿ ಮಾಡಿದ್ದರು. ಎಲ್ಲ ಕಿಟಕಿ ಮುಚ್ಚಿ, ಮಾಮಿ ಮಲಗುವ ಹಾಗೆಯೇ ಮಲಗಿ, ಪುಂಜಾಲಕಟ್ಟೆಯ ತನಕ ಹೋಗಿ ಬಂದೆ. ಸೆಕೆಯಾಯಿತು, ಅಷ್ಟೇ. ತಲೆ ನೋಯಲಿಲ್ಲ. ಮುಂಡಪ್ಪಣ್ಣ ದಾರಿಯಲ್ಲಿ ಎರಡು ಸಲ, "ಹೇಗುಂಟು ಅಕ್ಕ?" ಎಂದು ಕೇಳಿದರು. ಅವರ ಕುತ್ತಿಗೆ ಬೆವರಿತ್ತು.

ಜುಲೈ 31, ಗುರುವಾರ

ಅಸ್ಕರ್ ಫೋನ್ ಮಾಡಿ ಇನ್ನೊಬ್ಬ ಗಿರಾಕಿ ಇದ್ದಾನೆ, ಈಗ ಒಳ್ಳೆ ಬೆಲೆ ಬರುತ್ತದೆ ಅಂದ. ಕಾರು ಮಾರುವುದಿಲ್ಲ ಅಂದೆ. ಅಣ್ಣನಿಗೆ ಕೇಳಿದಿರಾ ಎಂದ. ವಾರಕ್ಕೆರಡು ಸಲ ಮೂಡುಬಿದಿರೆಗೆ ಹೋಗುವವಳು ನಾನು, ಬೇಕಾದರೆ ನೀನು ಬಂದು ಎತ್ತಿಕೊಂಡು ಹೋಗು ಅಂದೆ. ಅದಕ್ಕೆ ಅವನು, "ಉಮ್ಮ ಊಟ ಮಾಡ್ತಾರಾ?" ಎಂದು ಕೇಳಿದ. ಮಾಡ್ತಾರೆ ಅಂದೆ. ಭಾನುವಾರ ಬರುತ್ತಾನಂತೆ. ಒಲೆಯ ಮೇಲೆ ಮೀನು ಸೀದುಹೋಗುತ್ತಿತ್ತು, ಫೋನ್ ಇಟ್ಟುಬಿಟ್ಟೆ.

ಆಗಸ್ಟ್ 3, ಭಾನುವಾರ

ಅಸ್ಕರ್ ಬಂದಿದ್ದ. ಕಾರನ್ನು ಒಂದು ಸುತ್ತು ಬಿಟ್ಟು ನೋಡಿ, ಹಿಂದಿನ ಸೀಟಿಗೆ ಒಂದು ಹೊಸ ಒರಗುದಿಂಬು ತಂದಿಟ್ಟ. ಮಧ್ಯಾಹ್ನದ ಸಾರಿಗೆ ಬಾಯಿಟ್ಟು ಮಾಮಿ, "ಉಪ್ಪು ಇಲ್ಲ," ಅಂದರು. ಎಲ್ಲರ ಎದುರು ಹೇಳಬೇಕಾಗಿರಲಿಲ್ಲ. ಬೆಳಿಗ್ಗಿನಿಂದ ಯೂನಿಫಾರ್ಮ್ ಹೊಲಿದು, ಮೂರು ಒಲೆ ನೋಡಿ, ಒಂದು ಉಪ್ಪು ಕಡಿಮೆಯಾದರೆ ಅದೇ ಕಣ್ಣಿಗೆ ಬೀಳುತ್ತದೆ.

ಇವರು ನಿನ್ನೆ ಎರಡು ಸಲ ಫೋನ್ ಮಾಡಿದ್ದರೆಂದು ಈಗ ನೋಡಿದೆ. ನಾಳೆ ಮಾಡುವ.

ಆಗಸ್ಟ್ 7, ಗುರುವಾರ

ಥೆರಪಿಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗಿನಿಂದ ಬಿಡದ ಮಳೆ. ಕಿಟಕಿಗಳನ್ನೆಲ್ಲ ಏರಿಸಲೇಬೇಕಾಯಿತು. ಮಾಮಿಗೆ ಕಾಲು ಚಾಚಬೇಕಿತ್ತು, ಹಿಂದಿನ ಸೀಟನ್ನೇ ತೋರಿಸಿದರು. ಹೊಸ ದಿಂಬು ಇಟ್ಟು ಮಲಗಿಸಿದೆ. ಎಂಜಿನ್ ಚಾಲೂ ಆಗಿದೆಯೋ ಇಲ್ಲವೋ ಎಂದು ಎರಡೆರಡು ಸಲ ನೋಡುವಷ್ಟು ಕಾರು ಮೌನ. ವೈಪರಿನ ಸದ್ದು ಮಾತ್ರ.

ಸಂಗಬೆಟ್ಟು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ಮಾಮಿಯ ತಲೆ ಒಂದು ಬದಿಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. "ಮಾಮೀ," ಅಂದೆ. ಉತ್ತರವಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕರೆದೆ. ಕೈ ಸೀಟಿನಿಂದ ಕೆಳಗೆ ಜೋತುಬಿದ್ದಿತ್ತು, ಕಾರು ಅಲುಗಿದಂತೆ ಅಲುಗುತ್ತಿತ್ತು.

ಎಲ್ಲಿ ನಿಲ್ಲಿಸಿದೆ, ಹೇಗೆ ನಿಲ್ಲಿಸಿದೆ ಗೊತ್ತಿಲ್ಲ. ಹಿಂದಿನಿಂದ ಬಂದ ಲಾರಿಯವನು ಹಾರ್ನ್ ಹೊಡೆದುಕೊಂಡು ಹೋದ. ಕೊಡೆ ತೆಗೆಯಲಿಲ್ಲ, ಚಪ್ಪಲಿ ಒಂದು ಕೆಸರಿನಲ್ಲಿ ಉಳಿಯಿತು. ಮುಚ್ಚಳ ಬಿಟ್ಟಿರಬೇಕು, ಪೈಪು ಬಿಟ್ಟಿರಬೇಕು, ಮತ್ತೆ ನಾನೇ ಕಿಟಕಿ ಮುಚ್ಚಿ ಮಲಗಿಸಿದೆ ಎಂದೇ ತಲೆಯಲ್ಲಿ ಓಡುತ್ತಿತ್ತು. ಹಿಂದಿನ ಬಾಗಿಲು ತೆರೆದು ಎರಡೂ ಭುಜ ಹಿಡಿದು ಅಲ್ಲಾಡಿಸಿದೆ. ಮಳೆ ಒಳಗೆ ಬಡಿಯಿತು.

ಮಾಮಿ ಕಣ್ಣು ತೆರೆದರು. ನನ್ನನ್ನು ನೋಡಿದರು, ತೆರೆದ ಬಾಗಿಲನ್ನು ನೋಡಿದರು, ನೆನೆಯುತ್ತಿರುವ ತಮ್ಮ ತಲೆವಸ್ತ್ರವನ್ನು ಮುಟ್ಟಿ ನೋಡಿಕೊಂಡರು.

"ಹುಚ್ಚು ಹಿಡಿದಿದೆಯಾ ನಿನಗೆ?" ಅಂದರು. "ಸ್ವಲ್ಪ ನಿದ್ದೆ ಮಾಡ್ಲಿಕ್ಕೂ ಬಿಡುವುದಿಲ್ಲ. ಬಾಗಿಲು ಹಾಕು, ಮಳೆ ಬರ್ತದೆ."

ಬಾಗಿಲು ಹಾಕಿದೆ. ಕೆಸರಿನಿಂದ ಚಪ್ಪಲಿ ಎತ್ತಿಕೊಂಡೆ. ಸೀಟಿಗೆ ಬಂದು ಕೂತ ಮೇಲೆ ಎರಡು ಸಲ ಎಳೆದರೂ ಗೇರ್ ಬೀಳಲಿಲ್ಲ. ಅವರು ಹೇಳಿದ್ದು ಸರಿಯೇ, ಒಳ್ಳೆ ನಿದ್ದೆಯಲ್ಲಿದ್ದವರನ್ನು ಹಾಗೆ ಎಬ್ಬಿಸಬಾರದಿತ್ತು. ಮೂಡುಬಿದಿರೆ ಮುಟ್ಟುವವರೆಗೂ ಹಿಂದಿನಿಂದ ಗೊಣಗುತ್ತಲೇ ಇದ್ದರು. ನಾನು ಆಯ್ತು ಮಾಮಿ, ಆಯ್ತು ಎನ್ನುತ್ತಾ ಬಂದೆ.

ಒಳಗಿನಿಂದ ಇನ್ನೂ ಅವರ ಸ್ವರ ಕೇಳುತ್ತಿದೆ. ತೃಪ್ತಿಯ ಹತ್ತಿರ ನನ್ನ ಮೇಲೆ ದೂರು ಹೇಳುತ್ತಿದ್ದಾರೆ. ಅವಳು ಮತ್ತೆ ಮತ್ತೆ, "ಹೌದಾ ಅಜ್ಜಿ? ಆಮೇಲೆ?" ಎಂದು ಕೇಳುತ್ತಿದ್ದಾಳೆ. ಈ ಹುಡುಗಿಗೆ ಅದರಲ್ಲಿ ಅಷ್ಟೊಂದು ಸಂತೋಷ ಯಾಕೋ. ನನ್ನ ಬಟ್ಟೆ ಇನ್ನೂ ಒಣಗಿಲ್ಲ, ಚಳಿಯಾಗುತ್ತಿದೆ. ಅವರು ಮುಗಿಸಿ ಬರುವುದರೊಳಗೆ ಎದುರಿನ ಹೋಟೆಲಿನಲ್ಲಿ ಬಿಸಿ ಚಹಾ ಇದೆಯೇ ನೋಡಿ ಬರಬೇಕು.